ನವೆಂಬರಿನ ಪೆಟ್ಟಿಗೆಗೆ ಬರೆದುಕೊಟ್ಟ ಹೆಸರು

ಐದನೇ ತರಗತಿಯನ್ನು ನಾನು ಎರಡು ಸಲ ಓದಿದ್ದೇನೆ. ಮೊದಲ ಸಲ ತುಮಕೂರಿನ ಸರ್ಕಾರಿ ಶಾಲೆಯಲ್ಲಿ, ಎರಡನೇ ಸಲ ವಿಶಾಖಪಟ್ಟಣದ ಗಾಜುವಾಕದಲ್ಲಿ, ಬಾಡಿಗೆ ಮನೆಯ ಹಾಲಿನಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ಮೊದಲ ಸಲ ಲೆಕ್ಕದ ಮೇಷ್ಟ್ರೊಬ್ಬರನ್ನು ಬಿಟ್ಟರೆ ನನಗೆ ಯಾರ ಭಯವೂ ಇರಲಿಲ್ಲ. ಎರಡನೇ ಸಲ ವಿಜ್ಞಾನದ ಪುಸ್ತಕ ತೆರೆದರೆ ಸಾಕು, ಭಯವಾಗುತ್ತಿತ್ತು. ಆ ವರ್ಷದ ನವೆಂಬರು ತಿಂಗಳನ್ನು ನೆನೆಸಿಕೊಂಡರೆ ಈಗಲೂ ಹಾಗೇ ಆಗುತ್ತದೆ.

ಮಗಳ ಶಾಲೆ ಸಿಸ್ಟರುಗಳು ನಡೆಸುವ ಕ್ಯಾಥೊಲಿಕ್ ಕಾನ್ವೆಂಟು. ಉಗುರು ಒಂದು ಗೆರೆ ಬೆಳೆದಿದ್ದರೂ ಡೈರಿಯಲ್ಲಿ ಕೆಂಪು ಶಾಯಿ ಬೀಳುವಂಥ ಜಾಗ. ಐದನೇ ಕ್ಲಾಸಿಗೆ ಇಂಗ್ಲಿಷು, ತೆಲುಗು, ಹಿಂದಿ, ಲೆಕ್ಕ, ಪರಿಸರ ವಿಜ್ಞಾನ, ಸಾಮಾನ್ಯ ಜ್ಞಾನ, ಕಂಪ್ಯೂಟರು, ಇಷ್ಟು ಸಾಲದು ಎಂಬಂತೆ ದಿನಕ್ಕೊಂದು ಪುಟ ಕೂಡಿಸಿ ಬರೆಯುವ ಇಂಗ್ಲಿಷ್ ಅಕ್ಷರ. ವಾರಕ್ಕೆ ಎರಡು ಪಿರಿಯಡ್ ತರಗತಿ ಇಬ್ಭಾಗವಾಗುತ್ತಿತ್ತು. ಕ್ಯಾಥೊಲಿಕ್ ಮಕ್ಕಳು ತಮ್ಮ ಧರ್ಮದ ಪಾಠಕ್ಕೆ ಪಕ್ಕದ ಕೋಣೆಗೆ ಹೋದರೆ, ಮಿಕ್ಕವರು ಇದ್ದಲ್ಲೇ ಕೂತು ನೀತಿಪಾಠ ಓದುತ್ತಿದ್ದರು. ನನ್ನ ಮಗಳಿಗೆ ಆ ಪಕ್ಕದ ಕೋಣೆಯ ಮೇಲೇ ಕಣ್ಣು. ಅಲ್ಲಿ ಬಣ್ಣದ ಚಿತ್ರಗಳಿವೆ, ಮೇಣದಬತ್ತಿ ಹಚ್ಚುತ್ತಾರೆ, ಇಲ್ಲಿ ಬರೀ ‘ಸುಳ್ಳು ಹೇಳಬಾರದು’ ಎಂದು ಹತ್ತು ಸಲ ಬರೆಸುತ್ತಾರೆ ಎಂದು ಅವಳ ದೂರು.

ಆ ಜೂನ್‌ವರೆಗೆ ನಾವು ವಿಜಯವಾಡದಲ್ಲಿದ್ದೆವು. ನನ್ನ ಮಾವನವರು ಕನ್ನಡಿಗರು, ಅತ್ತೆ ಅದೇ ಊರಿನ ತೆಲುಗರು. ಆ ಮನೆಗೆ ಸೊಸೆಯಾಗಿ ಹೋದವಳು ನಾನು. ನನ್ನ ಗಂಡ ಅಲ್ಲಿ ಔಷಧಿ ಕಂಪನಿಯೊಂದರ ಗೋಡೌನಿನಲ್ಲಿ ಕೂತು ಡಬ್ಬಿಗಳ ಮೇಲಿನ ಬ್ಯಾಚ್ ನಂಬರು ನೋಡುತ್ತಿದ್ದರು. ಯಾವ ಅಪಾಯವೂ ಇಲ್ಲದ ಕೆಲಸ. ಆದರೆ ಎಮ್ಮೆಸ್ಸಿ ಕೆಮಿಸ್ಟ್ರಿ ಓದಿದವನು ಪ್ಲಾಂಟಿನಲ್ಲಿ ಕೆಲಸ ಮಾಡದಿದ್ದರೆ ಓದಿ ಏನು ಬಂತು ಎಂದು ಅವರಿಗೆ ಒಳಗೊಳಗೇ ಕೊರೆಯುತ್ತಿತ್ತು. ಫೆಬ್ರವರಿಯಲ್ಲಿ ಅಚ್ಯುತಾಪುರಂ ಕೈಗಾರಿಕಾ ವಲಯದ ಒಂದು ಔಷಧಿ ಕಾರ್ಖಾನೆಯಲ್ಲಿ ಶಿಫ್ಟ್ ಕೆಮಿಸ್ಟ್ ಕೆಲಸ ಸಿಕ್ಕಿತು. ನಾಲ್ಕು ತಿಂಗಳು ಒಬ್ಬರೇ ಲಾಡ್ಜು, ರೂಮು ಎಂದು ಕಳೆದು, ಶಾಲೆ ಶುರುವಾಗುವ ಹೊತ್ತಿಗೆ ನಮ್ಮನ್ನು ಕರೆಸಿಕೊಂಡರು. ನಾನು ಬೇಡ ಎಂದು ಒಂದು ವಾರ ಮಾತು ಬಿಟ್ಟೆ, ಆಮೇಲೆ ಸಾಮಾನು ಕಟ್ಟಿದೆ.

ನಾನು ಹುಟ್ಟಾ ಪುಕ್ಕಲಿ. ಕುಕ್ಕರಿನ ಸೀಟಿ ತಡವಾದರೆ ಅಡುಗೆಮನೆಯ ಹೊರಗೆ ನಿಂತು ಇಣುಕುವವಳು. ಅಂಥವಳ ಪಾಲಿಗೆ ಐದನೇ ಕ್ಲಾಸಿನ ವಿಜ್ಞಾನದ ಪುಸ್ತಕ ಬಂತು. ಘನ, ದ್ರವ, ಅನಿಲ. ಅನಿಲಕ್ಕೆ ತನ್ನದೇ ಆಕಾರವಿಲ್ಲ, ಸಿಕ್ಕಿದ ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ ಎಂದು ಮಗಳು ಕಣ್ಣುಮುಚ್ಚಿ ಇಂಗ್ಲಿಷಿನಲ್ಲಿ ಗಟ್ಟಿ ಹೊಡೆಯುತ್ತಿದ್ದರೆ ನನಗೆ ಅವಳಪ್ಪನ ಕಾರ್ಖಾನೆ ಕಣ್ಣಿಗೆ ಕಟ್ಟುತ್ತಿತ್ತು. ಮುಂದಿನ ಪಾಠ ಬೆಂಕಿಯದು. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು, ನಿಲ್ಲಬೇಕು, ನೆಲಕ್ಕೆ ಬೀಳಬೇಕು, ಉರುಳಬೇಕು. ಇದನ್ನು ಓದಿದ ಸಂಜೆ ಅವಳು ಅಪ್ಪನನ್ನು ಹಾಲಿನ ನಡುವೆ ನಿಲ್ಲಿಸಿಕೊಂಡಳು.

“ನಾನ್ನಾ, ಈಗ ನಿಮ್ಮ ಷರ್ಟಿಗೆ ಬೆಂಕಿ. ಏನ್ ಮಾಡ್ತೀರಾ?”

ಅಪ್ಪನನ್ನು ಅವಳು ತೆಲುಗು ಮಕ್ಕಳ ಹಾಗೆ ನಾನ್ನ ಎಂದೇ ಕರೆಯುವುದು. ಅವರು ನಗುತ್ತಾ ನೆಲಕ್ಕೆ ಬಿದ್ದು ಸೋಫಾದಿಂದ ಟಿವಿಯವರೆಗೆ ಉರುಳಿದರು. ಅವಳು ಮುಖ ಗಂಟಿಕ್ಕಿಕೊಂಡು, ನೀವು ಕೈಯಿಂದ ಮುಖ ಮುಚ್ಚಿಕೊಳ್ಳಲಿಲ್ಲ, ಇನ್ನೊಂದು ಸಲ ಎಂದಳು. ಮೂರು ಸಲ ಉರುಳಿಸಿದಳು. ಮೂರನೇ ಸಲ ನಾನು ಸಿಟ್ಟಿನಿಂದ, ಸಾಕು, ಮನೆಯಲ್ಲಿ ಇಂಥ ಆಟ ಬೇಡ ಎಂದು ರೇಗಿದೆ. ಅವಳಿಗೆ ಅದು ಆಟವಾಗಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಅವರದು ಹೆಚ್ಚಾಗಿ ಬೆಳಗಿನ ಪಾಳಿ. ಐದಕ್ಕೆ ಮುಂಚೆ ಕಂಪನಿ ಬಸ್ಸು ಹತ್ತಿದರೆ ಮಧ್ಯಾಹ್ನ ಮೂರೂಕಾಲಿಗೆ ಗಾಜುವಾಕದ ಸ್ಟಾಪಿನಲ್ಲಿ ಇಳಿಯುತ್ತಿದ್ದರು. ಪ್ಲಾಂಟಿನ ಒಳಗೆ ಮೊಬೈಲು ಒಯ್ಯುವ ಹಾಗಿಲ್ಲ, ಗೇಟಿನ ಲಾಕರಿನಲ್ಲಿ ಇಟ್ಟುಹೋಗಬೇಕು. ಹಾಗಾಗಿ ದಿನಕ್ಕೆ ಎಂಟು ಗಂಟೆ ಅವರು ಇದ್ದಾರೋ ಇಲ್ಲವೋ ನಮಗೆ ತಿಳಿಯುವ ದಾರಿಯೇ ಇರಲಿಲ್ಲ. ಒಳಗೆ ಏನಾಗುತ್ತದೆ ಎಂದು ಕೇಳಿದರೆ, “ಏನಾಗುತ್ತೆ? ಬಿಸಿ ಮಾಡ್ತೀವಿ, ತಣ್ಣಗೆ ಮಾಡ್ತೀವಿ, ನಿನ್ನ ಅಡುಗೆ ಹಾಗೇ ಕಣೆ” ಎನ್ನುತ್ತಿದ್ದರು. ಪಕ್ಕದ ಮನೆಯವರು ಆಗೀಗ, ಅಲ್ಲಿ ಯಾವುದೋ ಕಂಪನಿಯಲ್ಲಿ ಏನೋ ಆಯಿತಂತೆ ಎಂದು ಶುರು ಮಾಡಿದರೆ ನಾನು ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಒಳಗೆ ಬರುತ್ತಿದ್ದೆ. ಕೇಳದಿದ್ದರೆ ಆಗಿಲ್ಲ ಎಂದು ನನ್ನ ಲೆಕ್ಕ.

ನವೆಂಬರು ಬಂತು. ಒಂದು ಸಂಜೆ ಮಗಳು ಶೂ ಬಿಚ್ಚುವ ಮೊದಲೇ ನೋಟ್‌ಬುಕ್ಕಿನ ಅರ್ಧ ಹಾಳೆ ಹರಿದು ನನ್ನ ಮುಂದೆ ಹಿಡಿದಳು.

“ಅಮ್ಮಾ, ಇದ್ರಲ್ಲಿ ಪೇರು ಬರ್ಕೊಡು. ಚಾಪೆಲ್ ಹತ್ರ ಒಂದು ಪೆಟ್ಟಿಗೆ ಇಟ್ಟಿದಾರೆ. ಅದ್ರಲ್ಲಿ ಹಾಕಿದ್ರೆ ಪ್ರೇಯರ್‌ನಲ್ಲಿ ಸಿಸ್ಟರ್ ಗಟ್ಟಿಯಾಗಿ ಓದ್ತಾರೆ. ಎಲ್ಲರೂ ಅವರಿಗೋಸ್ಕರ ಪ್ರೇಯರ್ ಮಾಡ್ತಾರೆ. ನನ್ನ ಫ್ರೆಂಡ್ ಅವರ ತಾತಯ್ಯ ಹೆಸರು ಹಾಕಿದ್ಲು.”

“ನಿಮಗೂ ಬರೆಯೋಕೆ ಹೇಳಿದ್ರಾ?”

“ನಮಗೆ ಹೇಳ್ಲಿಲ್ಲ. ಪಕ್ಕದ ರೂಮ್‌ನೋರಿಗೆ ಹೇಳಿದ್ರು. ಯಾರು ಹಾಕಿದ್ರೂ ಓದ್ತಾರಂತೆ.”

ನಾನು ಯೋಚಿಸಲಿಲ್ಲ. ಯೋಚಿಸುವುದೇನಿದೆ? ಗುಡಿಗೆ ಹೋದರೆ ಅರ್ಚನೆಗೆ ಹೆಸರು ಕೊಡುತ್ತೇವೆ. ಯಜಮಾನರ ಹೆಸರು, ನಕ್ಷತ್ರ, ಗೋತ್ರ. ಅರ್ಚಕರು ಅದನ್ನು ದೇವರ ಮುಂದೆ ಹೇಳುತ್ತಾರೆ, ಆ ಮನುಷ್ಯ ಚೆನ್ನಾಗಿರುತ್ತಾನೆ. ವಿಜಯವಾಡದಲ್ಲಿ ಅತ್ತೆ ಶುಕ್ರವಾರ ತಪ್ಪದೆ ಬೆಟ್ಟ ಹತ್ತಿ ಅಮ್ಮನವರ ಮುಂದೆ ಮಗನ ಹೆಸರು ಹೇಳಿಸಿ ಬರುತ್ತಿದ್ದರು. ಗಾಜುವಾಕಕ್ಕೆ ಬಂದಮೇಲೆ ನನಗೆ ಅದು ತಪ್ಪಿಹೋಗಿತ್ತು. ಈಗ ದೇವರೇ ಮಗಳ ಕೈಲಿ ಹಾಳೆ ಕಳಿಸಿದ್ದಾನೆ, ಎಂಟುನೂರು ಮಕ್ಕಳು ಕೈಮುಗಿದು ನನ್ನ ಗಂಡನಿಗಾಗಿ ಬೇಡುತ್ತಾರೆ, ಯಾವ ಅರ್ಚನೆಗೂ ಇಷ್ಟು ಬಾಯಿಗಳು ಸಿಕ್ಕುವುದಿಲ್ಲ ಎಂದು ಸಂತೋಷವೇ ಆಯಿತು. ಮೂವರ ಹೆಸರೂ ಬರೆಯೋಣ ಎಂದುಕೊಂಡವಳು, ಹೊರಗೆ ಹೋಗುವ ಜೀವ ಅವರದು, ಪೂರ್ತಿ ಬೇಡಿಕೆ ಅವರಿಗೇ ಹೋಗಲಿ ಎಂದು ಅವರೊಬ್ಬರದೇ ಬರೆದೆ. ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ, ಮನೆತನದ ಹೆಸರು ಸಮೇತ. ಕೆಳಗೆ ಅವರ ನಕ್ಷತ್ರವನ್ನೂ ಸ್ವಾತಿ ಎಂದಷ್ಟೇ ಸೇರಿಸಿದೆ. ಗೋತ್ರ ಅವರಿಗೆ ಬೇಕಾಗಲಿಕ್ಕಿಲ್ಲ ಎಂದು ಬಿಟ್ಟೆ.

ಆ ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಶಾಲೆಯಿಂದ ಫೋನು ಬಂತು. ಮಗಳಿಗೆ ಹುಷಾರಿಲ್ಲ, ಬಂದು ಕರೆದುಕೊಂಡು ಹೋಗಿ ಎಂದರು. ಆಟೋ ಹಿಡಿದು ಓಡಿದೆ. ಆಫೀಸಿನ ಪಕ್ಕದ ಸಣ್ಣ ಕೋಣೆಯ ಮಂಚದ ಮೇಲೆ ಅವಳು ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಹಲ್ಲು ಕಟಕಟ ಎನ್ನುತ್ತಿತ್ತು. ಹಣೆ ಮುಟ್ಟಿದರೆ ಜ್ವರವಿಲ್ಲ, ತಣ್ಣಗಿದೆ. ಅವಳ ಕ್ಲಾಸ್ ಟೀಚರಾದ ಸಿಸ್ಟರು ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದರು. ನನ್ನನ್ನು ನೋಡಿದ್ದೇ ತಡ, ಮಗಳು ನನ್ನ ಸೆರಗು ಹಿಡಿದುಕೊಂಡು ಅಳುವುದಕ್ಕೆ ಶುರುಮಾಡಿದಳು.

“ಅಮ್ಮಾ, ಅದು ಸತ್ತೋದೋರ ಪೆಟ್ಟಿಗೆ ಅಮ್ಮಾ. ನಾನ್ನ ಹೆಸರು ಓದಿಬಿಟ್ರು. ಎಲ್ಲರೂ ನಿಂತ್ಕೊಂಡು ಸತ್ತೋದೋರ ಪ್ರೇಯರ್ ಮಾಡಿದ್ರು. ನಾನೂ ಮಾಡ್ದೆ. ಗೊತ್ತಿಲ್ದೆ ಮಾಡ್ಬಿಟ್ಟೆ. ಆಮೇಲೆ ನನ್ನ ಫ್ರೆಂಡ್ ಹೇಳಿದ್ಲು.”

ನಾನು ಸಿಸ್ಟರ ಮುಖ ನೋಡಿದೆ. ಸಿಸ್ಟರು ತೆಲುಗಿನಲ್ಲಿ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಕನ್ನಡದಲ್ಲೇ ಬರೆಯುತ್ತೇನೆ. ನವೆಂಬರು ಅವರಲ್ಲಿ ತೀರಿಹೋದವರ ತಿಂಗಳು. ಮನೆಯಲ್ಲಿ ಸತ್ತವರ ಹೆಸರನ್ನು ಬರೆದು ಪೆಟ್ಟಿಗೆಗೆ ಹಾಕುತ್ತಾರೆ, ದಿನಾ ಬೆಳಿಗ್ಗೆ ಕೆಲವು ಹೆಸರು ಓದಿ ಆ ಆತ್ಮಗಳಿಗೆ ಶಾಂತಿ ಸಿಗಲಿ ಎಂದು ಬೇಡುತ್ತಾರೆ. ಪಕ್ಕದ ಕೋಣೆಯ ಮಕ್ಕಳಿಗೆ ಅದು ಒಂದನೇ ಕ್ಲಾಸಿನಿಂದ ಗೊತ್ತು, ಅದಕ್ಕೇ ಅವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಚೀಟಿಯ ಮೇಲೆ ಮಗುವಿನ ಹೆಸರಿರಲಿಲ್ಲ, ಓದುವ ಸಿಸ್ಟರು ಬೇರೆಯವರು, ಯಾರ ಮನೆಯದು ಎಂದು ಅವರಿಗೆ ಹೇಗೆ ತಿಳಿಯಬೇಕು? ಕೆಳಗಿದ್ದ ಸ್ವಾತಿಯನ್ನೂ ಆತನ ಜೊತೆಗೆ ತೀರಿಕೊಂಡ ಹೆಂಡತಿ ಎಂದುಕೊಂಡು ಓದಿದ್ದಾರೆ. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

“ತಪ್ಪು ನಮ್ಮದಮ್ಮಾ, ಎಲ್ಲ ಮಕ್ಕಳಿಗೂ ಹೇಳಬೇಕಿತ್ತು. ಇದರಿಂದ ಏನೂ ಆಗುವುದಿಲ್ಲ. ದೇವರಿಗೆ ಯಾರು ಬದುಕಿದ್ದಾರೆ, ಯಾರು ಇಲ್ಲ ಅನ್ನೋದು ಗೊತ್ತಿಲ್ವಾ?” ಎಂದು ಸಿಸ್ಟರು ನನ್ನ ಕೈ ಹಿಡಿದುಕೊಂಡರು. ಪೆಟ್ಟಿಗೆಯ ಪಕ್ಕ ತೆಗೆದಿಟ್ಟಿದ್ದ ಚೀಟಿಗಳಲ್ಲಿ ಹುಡುಕಿ ನಮ್ಮದನ್ನು ತಂದುಕೊಟ್ಟರು. ಆ ಹಾಳೆ ಮುಟ್ಟುವುದಕ್ಕೂ ನನಗೆ ಮನಸ್ಸಿರಲಿಲ್ಲ. ಮಡಿಸಿ ಪರ್ಸಿನ ಜಿಪ್ಪಿಗೆ ತುರುಕಿದೆ.

ಮಗಳದು ಒಂದೇ ಹಟ, ನಾನ್ನಗೆ ಫೋನ್ ಮಾಡು. ಮಾಡಿದೆ. ಸ್ವಿಚ್ ಆಫ್. ಅದು ದಿನಾ ಆ ಹೊತ್ತಿಗೆ ಸ್ವಿಚ್ ಆಫ್ ಆಗಿಯೇ ಇರುತ್ತದೆ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಆ ಹೆಣ್ಣುಧ್ವನಿ ತೆಲುಗಿನಲ್ಲಿ ನೀವು ಕರೆ ಮಾಡಿದ ಚಂದಾದಾರರು ಎಂದು ಶುರುಮಾಡಿದ ಕೂಡಲೇ ನಾನು ಫೋನು ಕಟ್ ಮಾಡಿಬಿಟ್ಟೆ. ಕಾರ್ಖಾನೆಯ ಗೇಟಿಗೆ ಮಾಡಿದೆ. ಸೆಕ್ಯುರಿಟಿಯವನು ಹೆಸರು, ವಿಭಾಗ ಬರೆದುಕೊಂಡು, “ಚೆಪ್ತಾನಮ್ಮಾ”, ಹೇಳುತ್ತೇನೆ, ಎಂದು ಫೋನಿಟ್ಟ. ಹನ್ನೊಂದಾಯಿತು, ಹನ್ನೆರಡಾಯಿತು, ಯಾರೂ ತಿರುಗಿ ಮಾಡಲಿಲ್ಲ.

ತಡೆಯಲಾರದೆ ಅತ್ತೆಗೆ ಫೋನು ಮಾಡಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. “ಬದುಕಿದ್ದೋರನ್ನ ಸತ್ತೋದ್ರು ಅಂತ ಯಾರಾದ್ರೂ ಹೇಳಿದ್ರೆ ಅವರ ಆಯುಷ್ಯ ಗಟ್ಟಿ ಅಂತ ಅರ್ಥ ಅಮ್ಮಾ. ಭಯಪಡಬೇಡ” ಎಂದರು. ತುಮಕೂರಿನ ಕಡೆಯೂ ಈ ಮಾತು ಹೇಳುತ್ತಾರೆ, ನಾನೂ ಯಾರಿಗೋ ಹೇಳಿದ್ದೇನೆ. ಆದರೆ ಅದೇ ಉಸಿರಿನಲ್ಲಿ ಅವರು, “ಅವನು ಮನೆಗೆ ಬಂದ ಕೂಡ್ಲೇ ನನಗೆ ಫೋನ್ ಮಾಡಿಸು, ಬಂದ ಕೂಡ್ಲೇ” ಎಂದು ಎರಡು ಸಲ ಹೇಳಿದರು.

ಮಗಳು ಊಟ ಮುಟ್ಟಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತವಳು ಇದ್ದಕ್ಕಿದ್ದಂತೆ, “ನಾನು ಪೆಟ್ಟಿಗೆಗೆ ಹಾಕಿದ್ದಕ್ಕೆ ಆಗುತ್ತಾ, ನೀನು ಬರ್ದಿದ್ದಕ್ಕೆ ಆಗುತ್ತಾ?” ಎಂದು ಕೇಳಿದಳು. ಯಾವುದಕ್ಕೂ ಏನೂ ಆಗಲ್ಲ ಎಂದೆ. ಆದರೆ ಅದೇ ಪ್ರಶ್ನೆ ಬೆಳಗಿನಿಂದ ನನ್ನ ತಲೆಯಲ್ಲೂ ಸುತ್ತುತ್ತಿತ್ತು, ಬರೆದವಳು ನಾನು ಎಂಬ ಉತ್ತರವೂ ಅಲ್ಲೇ ಕೂತಿತ್ತು. ಓದಿದವಳು, ಡಿಗ್ರಿ ಮಾಡಿದವಳು, ಇದನ್ನೆಲ್ಲ ನಂಬುತ್ತೀಯಾ ಎಂದು ಯಾರಾದರೂ ಕೇಳಿದರೆ, ಗಂಡ ಮನೆಯಲ್ಲಿರುವಾಗ ನಂಬುವುದಿಲ್ಲ ಎನ್ನುತ್ತೇನೆ.

ಎರಡೂವರೆಗೇ ಇಬ್ಬರೂ ಸ್ಟಾಪಿಗೆ ಹೋಗಿ ನಿಂತೆವು. ಅವಳು ಇನ್ನೂ ಯೂನಿಫಾರಂನಲ್ಲೇ ಇದ್ದಳು. ಮೂರೂಕಾಲು ಆಯಿತು, ಬಸ್ಸು ಬರಲಿಲ್ಲ. ಮೂರೂವರೆ. ಬೇರೆ ಕಂಪನಿಗಳ ಬಸ್ಸುಗಳೂ ಕಾಣಲಿಲ್ಲ. ಟೀ ಅಂಗಡಿಯ ಮುಂದೆ ನಿಂತಿದ್ದವರಲ್ಲಿ ಒಬ್ಬ, ಆ ಕಡೆಯ ಬಸ್ಸೆಲ್ಲ ನಿಂತುಬಿಟ್ಟಿವೆಯಂತೆ ಎಂದ. ಇನ್ನೊಬ್ಬ, ಏನಾದರೂ ಆಗಿರಬೇಕು ಎಂದ. ಏನು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಮಗಳ ಕಿವಿ ಮುಚ್ಚುವವಳ ಹಾಗೆ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡೆ. ಅವಳು ನನ್ನ ಸೀರೆಯೊಳಗೆ ಏನೋ ಗುನುಗುತ್ತಿದ್ದಳು. ಶಾಲೆಯ ಪ್ರಾರ್ಥನೆಯೋ, ಅಜ್ಜಿ ಕಲಿಸಿದ ಶ್ಲೋಕವೋ, ಎರಡೂ ಸೇರಿತ್ತೋ ತಿಳಿಯಲಿಲ್ಲ. ಆ ಒಂದು ಗಂಟೆಯಲ್ಲಿ ನಾನು ಮುಂದಿನದನ್ನೆಲ್ಲ ಯೋಚಿಸಿಬಿಟ್ಟೆ. ಯಾರಿಗೆ ಮೊದಲು ಫೋನು ಮಾಡಬೇಕು, ವಿಜಯವಾಡಕ್ಕೆ ಹೇಗೆ ಹೋಗಬೇಕು, ಇವಳ ಟಿಸಿ ಯಾರು ತರುತ್ತಾರೆ. ಹಾಗೆ ಯೋಚಿಸಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು.

ನಾಲ್ಕೂ ನಲವತ್ತಕ್ಕೆ ಬಸ್ಸು ಬಂತು. ಒಬ್ಬೊಬ್ಬರಾಗಿ ಇಳಿದರು. ಕೊನೆಯಲ್ಲಿ ಇಳಿದವರು ಅವರು. ದುವ್ವಾಡದ ಹತ್ತಿರ ಲಾರಿಯೊಂದು ರಸ್ತೆಗೆ ಅಡ್ಡ ನಿಂತು ಎರಡೂ ಕಡೆ ಗಾಡಿ ಸಾಲುಗಟ್ಟಿತ್ತಂತೆ, ಅವರ ಫೋನಿನ ಚಾರ್ಜೂ ಮುಗಿದಿತ್ತಂತೆ. ಇಷ್ಟೇ. ಮಗಳು ರಸ್ತೆ ಎಂದೂ ನೋಡದೆ ಓಡಿಹೋಗಿ ಅವರ ಸೊಂಟ ಹಿಡಿದುಕೊಂಡಳು. ನಾನು ಜನರ ಮುಂದೆಯೇ, “ಒಂದು ಫೋನ್ ಮಾಡೋಕೆ ಯಾರದೂ ಮೊಬೈಲ್ ಸಿಗ್ಲಿಲ್ವೇನ್ರೀ ನಿಮಗೆ?” ಎಂದು ಕೂಗಾಡಿಬಿಟ್ಟೆ. ಅವರಿಗೆ ತಲೆಬುಡ ಗೊತ್ತಾಗಲಿಲ್ಲ. ಅವರದೇ ಕರವಸ್ತ್ರ ಕಿತ್ತುಕೊಂಡು ಕಣ್ಣೊರೆಸಿಕೊಂಡೆ.

ಮನೆಗೆ ಬಂದು ಅವರ ಕೈಯಲ್ಲಿ ವಿಜಯವಾಡಕ್ಕೆ ಫೋನು ಮಾಡಿಸಿದ ಮೇಲೆ ಮಗಳೇ ಎಲ್ಲವನ್ನೂ ಹೇಳಿದಳು. ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಚೀಟಿ ತೋರಿಸು ಎಂದರು. ಪರ್ಸಿನಿಂದ ತೆಗೆದುಕೊಟ್ಟೆ. ನನ್ನ ಅಕ್ಷರದಲ್ಲಿದ್ದ ತಮ್ಮ ಹೆಸರನ್ನು ಬಹಳ ಹೊತ್ತು ನೋಡಿದರು. ಹರಿದು ಬಿಸಾಡಿ ಎಂದೆ. ಅವರು ಹರಿಯಲಿಲ್ಲ.

“ಇದ್ರಲ್ಲಿ ಸತ್ತೋದೋರ ಹೆಸರು ಬರೀಬೇಕು ಅಲ್ವಾ ಕಂದಾ? ಇನ್ನೊಂದು ಹಾಳೆ ತಗೋ. ನಾನು ಹೇಳ್ತೀನಿ, ಬರ್ಕೋ.”

ಮೂರು ಹೆಸರು ಹೇಳಿದರು. ಕನ್ನಡದವಲ್ಲ, ತೆಲುಗಿನವೂ ಅಲ್ಲ. ನಾನು ಎಂದೂ ಕೇಳದ ಹೆಸರುಗಳು. ಮಗಳು ಶಾಲೆಯಲ್ಲಿ ಕಲಿಸಿದ ಹಾಗೆ ಕೂಡಿಸಿ ಬರೆದಳು, ಮೂರೂ ಒಂದರ ಕೆಳಗೊಂದು.

“ಯಾರ್ರೀ ಇವರು?”

“ನಮ್ಮ ಬ್ಲಾಕ್‌ನೋರು. ಕಾಂಟ್ರ್ಯಾಕ್ಟ್ ಕೆಲಸದವರು.”

“ಯಾವಾಗ?”

“ನೀವು ವಿಜಯವಾಡದಲ್ಲಿದ್ರಲ್ಲ, ಏಪ್ರಿಲ್‌ನಲ್ಲಿ. ಅವತ್ತು ನಂದು ವಾರದ ರಜೆ.”

ಏಪ್ರಿಲ್‌ನಲ್ಲಿ ದಿನಾ ಫೋನು ಮಾಡುತ್ತಿದ್ದರು. ಸೆಕೆ ಎನ್ನುತ್ತಿದ್ದರು, ಮೆಸ್ಸಿನ ಸಾಂಬಾರಿನಲ್ಲಿ ಖಾರ ಹೆಚ್ಚು ಎನ್ನುತ್ತಿದ್ದರು. ಅದರಲ್ಲಿ ಯಾವ ದಿನದ ಫೋನು ಅದು ಎಂದು ನಾನು ಇವತ್ತಿನವರೆಗೂ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

“ಇವರ ಮನೇನೋರು ಬರ್ದು ಹಾಕಿರಲ್ವಾ ನಾನ್ನಾ?” ಎಂದಳು ಮಗಳು.

“ಅವರೂರು ಒಡಿಶಾ ಕಡೆ. ಯಾವ ಊರು ಅಂತ ನಂಗೆ ಗೊತ್ತಿಲ್ಲ ಕಂದಾ. ನಾನು ಕೇಳಿರ್ಲಿಲ್ಲ.”

ಮರುದಿನ ಅವಳು ಆ ಹಾಳೆಯನ್ನು ಸಿಸ್ಟರ ಕೈಗೇ ಕೊಟ್ಟು, ಇವರು ನಿಜವಾಗಿ ಸತ್ತುಹೋದವರು ಎಂದು ಹೇಳಿ ಬಂದಳು. ಸೋಮವಾರ ಓದುತ್ತೇವೆ ಎಂದರಂತೆ. ಸೋಮವಾರ ಅವಳನ್ನು ಬಿಟ್ಟ ಮೇಲೆ ನಾನು ಮನೆಗೆ ಹೋಗದೆ ಶಾಲೆಯ ಗೇಟಿನ ಹೊರಗೆ ಕಾಂಪೌಂಡಿಗೆ ಒತ್ತಿ ನಿಂತೆ. ಪ್ರಾರ್ಥನೆ ಮುಗಿದು ಮೈಕಿನಲ್ಲಿ ಹೆಸರುಗಳು ಶುರುವಾದವು. ಒಂದೊಂದು ಹೆಸರನ್ನೂ ಕಿವಿಗೊಟ್ಟು ಕೇಳಿದೆ. ಆ ಮೂರೂ ಬಂದವು, ಮುಗಿದವು. ಯಾವುದೂ ನಮ್ಮ ಮನೆಯದಲ್ಲ ಎಂದು ನನಗೆ ಸಮಾಧಾನವಾಯಿತು. ನಾಚಿಕೆಯೂ ಆಯಿತು, ಆದರೆ ನಿಜ ಹೇಳಬೇಕೆಂದರೆ ಸಮಾಧಾನವೇ ಹೆಚ್ಚು. ಒಳಗೆ ಎಂಟುನೂರು ಮಕ್ಕಳು ಅವರಿಗಾಗಿ ಬೇಡುತ್ತಿದ್ದಾಗ ನಾನು ಹೊರಗೆ ನಿಂತು ನನ್ನವರೊಬ್ಬರಿಗಾಗಿ ಬೇಡುತ್ತಿದ್ದೆ. ಅವರು ಪ್ಲಾಂಟಿನ ಒಳಗೆ ಹೋಗಿ ಆಗಲೇ ಮೂರು ಗಂಟೆಯಾಗಿತ್ತು.